ಚಳಿಗಾಲದಲ್ಲಿ ಮಕ್ಕಳ ಜೊತೆ ಕಡಲತೀರ: ಯಾವ ಭಯ ನಿಜ, ಯಾವುದು ಬರೀ ಫಾರ್ವರ್ಡ್?

ಕಡಲೆಕಾಯಿ ಪರಿಷೆ ಮುಗಿದು ಬಸವನಗುಡಿಯಲ್ಲಿ ಸ್ವೆಟರ್, ಮಂಕಿ ಕ್ಯಾಪ್‌ಗಳು ಹೊರಗೆ ಬರುವ ಹೊತ್ತಿಗೆ ಮನೆಯಲ್ಲಿ ಇನ್ನೊಂದು ಚರ್ಚೆಯೂ ಶುರುವಾಗುತ್ತದೆ. ಕ್ರಿಸ್‌ಮಸ್ ರಜೆಗೆ ಮಕ್ಕಳನ್ನು ಎಲ್ಲಿಗೆ ಕರೆದುಕೊಂಡು ಹೋಗೋದು? ಮಲ್ಪೆ, ಮುರುಡೇಶ್ವರ, ಗೋಕರ್ಣ, ಕಾರವಾರ ಎಂದು ಪಟ್ಟಿ ಬೆಳೆಯುತ್ತದೆ. ಅಷ್ಟರಲ್ಲಿ ಅಜ್ಜಿ, "ಈ ಚಳೀಲಿ ಸಮುದ್ರಾನಾ? ಮಗೂಗೆ ಥಂಡಿ ಆಗತ್ತೆ ಕಣೋ" ಅನ್ನುತ್ತಾರೆ. ಫ್ಯಾಮಿಲಿ ಗ್ರೂಪ್‌ಗೆ ಹಾಕಿದರಂತೂ ಮುಗಿಯಿತು. ಊಟ ಮಾಡಿ ನೀರಿಗಿಳಿಯಬೇಡಿ, ಹುಣ್ಣಿಮೆ ದಿನ ಹೋಗಬೇಡಿ, ನೀರು ಕುಡಿದವರನ್ನು ಉಪ್ಪಿನಲ್ಲಿ ಮಲಗಿಸಿ ಎಂದು ಒಂದರ ಹಿಂದೊಂದು ಸಂದೇಶ ಬರತೊಡಗುತ್ತವೆ.

ಇವುಗಳಲ್ಲಿ ಕೆಲವು ಅರ್ಧ ಸತ್ಯ. ಕೆಲವು ಪೂರ್ತಿ ಸುಳ್ಳು. ಒಂದಂತೂ ಪ್ರಾಣಕ್ಕೇ ಕುತ್ತು ತರುವಂಥದ್ದು. ನಿಜವಾಗಿ ಹೆದರಬೇಕಾದ ಸಂಗತಿಯನ್ನು ಮಾತ್ರ ಯಾರೂ ಫಾರ್ವರ್ಡ್ ಮಾಡುವುದಿಲ್ಲ. ಒಂದೊಂದಾಗಿ ನೋಡೋಣ. ನಡುವೆ ದುಡ್ಡು ಖರ್ಚಿಲ್ಲದೆ ಮಕ್ಕಳ ಜೊತೆ ಆಡಬಹುದಾದ ಕೆಲವು ಆಟಗಳನ್ನೂ ಹೇಳುತ್ತೇವೆ.

ಕರಾವಳಿಯಲ್ಲಿ ನಿಜಕ್ಕೂ ಚಳಿ ಇರುತ್ತದೆಯೇ?

ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಮೇಲೆ ಹೋದಂತೆ ಗಾಳಿ ತಣ್ಣಗಾಗುವುದರಿಂದ ಡಿಸೆಂಬರ್-ಜನವರಿಯ ಮುಂಜಾನೆ ಇಲ್ಲಿ ತಾಪಮಾನ ಸಾಮಾನ್ಯವಾಗಿ 16 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಇಳಿಯುತ್ತದೆ. 1884ರ ಜನವರಿ 13ರಂದು 7.8 ಡಿಗ್ರಿಗೆ ಇಳಿದಿತ್ತು. ನಗರದ ದಾಖಲೆಯಲ್ಲಿ ಅದೇ ಅತಿ ಕಡಿಮೆ.

ಘಟ್ಟ ಇಳಿದರೆ ಲೆಕ್ಕವೇ ಬೇರೆ. ಅದೇ ದಿನಗಳಲ್ಲಿ ಮಂಗಳೂರಿನ ಮುಂಜಾನೆ 21-22 ಡಿಗ್ರಿ ಇರುತ್ತದೆ, ಮಧ್ಯಾಹ್ನ 32-33 ಡಿಗ್ರಿಗೆ ಏರುತ್ತದೆ. ಕಡಲಿನ ಮೇಲ್ಮೈ ನೀರು 27-28 ಡಿಗ್ರಿಯಷ್ಟು ಬೆಚ್ಚಗಿರುತ್ತದೆ. ಅಂದರೆ ಡಿಸೆಂಬರ್ ಬೆಳಿಗ್ಗೆ ಮಲ್ಪೆಯ ನೀರು ಅಲ್ಲಿನ ಗಾಳಿಗಿಂತ ಬಿಸಿ! ಕಾಲಿಟ್ಟ ಮಕ್ಕಳು "ಅಪ್ಪಾ, ನೀರು ಬೆಚ್ಚಗಿದೆ" ಎಂದು ಕೂಗುವುದು ಇದೇ ಕಾರಣಕ್ಕೆ.

ನೀರು ಯಾಕೆ ತಣ್ಣಗಾಗುವುದಿಲ್ಲ? ಒಂದು ಗ್ರಾಂ ನೀರು ಒಂದು ಡಿಗ್ರಿ ಬಿಸಿಯಾಗಲು ಒಂದು ಕ್ಯಾಲೊರಿ ಶಾಖ ಬೇಕು. ಒಣ ಮರಳಿಗೆ ಅದರ ಐದನೇ ಒಂದು ಭಾಗ ಸಾಕು. ಹಾಗಾಗಿ ಮರಳು ಬೇಗ ಕಾಯುತ್ತದೆ, ಬೇಗ ಆರುತ್ತದೆ. ನೀರು ನಿಧಾನಕ್ಕೆ ಕಾಯುತ್ತದೆ, ನಿಧಾನಕ್ಕೆ ಆರುತ್ತದೆ. ಕಡಲಗಾಳಿಯ ಗುಟ್ಟೂ ಇದೇ. ಮಧ್ಯಾಹ್ನ ನೆಲ ಹೆಚ್ಚು ಕಾದು ಅಲ್ಲಿನ ಗಾಳಿ ಮೇಲೇರುತ್ತದೆ, ಆ ಜಾಗಕ್ಕೆ ಕಡಲಿನಿಂದ ಗಾಳಿ ಬೀಸುತ್ತದೆ. ರಾತ್ರಿ ನೆಲ ಆರಿದ ಮೇಲೆ ಗಾಳಿ ತಿರುಗಿ ನೆಲದಿಂದ ಕಡಲಿನ ಕಡೆಗೆ ಬೀಸತೊಡಗುತ್ತದೆ, ಬೆಳಿಗ್ಗೆಯವರೆಗೂ ಹಾಗೇ ಇರುತ್ತದೆ.

ಮಕ್ಕಳಿಗೆ ಇದೇ ಮೊದಲ ಆಟವಾಗಲಿ. ಒಂದು ಹಿಡಿ ಒಣ ಮರಳನ್ನು ಮೇಲಿಂದ ಬಿಡಲಿ, ಅದು ಯಾವ ಕಡೆ ಹಾರಿತು ನೋಡಲಿ. ಬೆಳಿಗ್ಗೆ ಏಳಕ್ಕೊಮ್ಮೆ, ಸಂಜೆ ನಾಲ್ಕಕ್ಕೊಮ್ಮೆ ನೋಡಿದರೆ ದಿಕ್ಕು ಬದಲಾಗಿರುವುದು ಅವರಿಗೇ ತಿಳಿಯುತ್ತದೆ.

ಥಂಡಿ ಗಾಳಿ ತಾಗಿದರೆ ನೆಗಡಿ ಬರುತ್ತದೆಯೇ?

ನೆಗಡಿ ಬರಿಸುವುದು ವೈರಸ್. ಅದರಲ್ಲೂ ರೈನೋವೈರಸ್ ಗುಂಪಿನವು ಹೆಚ್ಚು. ವೈರಸ್ ಇಲ್ಲದೆ ಬರೀ ಗಾಳಿಯಿಂದಾಗಲಿ, ಒದ್ದೆ ಕೂದಲಿನಿಂದಾಗಲಿ ನೆಗಡಿ ಹುಟ್ಟುವುದಿಲ್ಲ. ತಣ್ಣನೆಯ ಒಣ ಗಾಳಿಯಲ್ಲಿ ಮೂಗಿನ ಒಳಪದರದ ರಕ್ಷಣೆ ಸ್ವಲ್ಪ ಕುಗ್ಗುತ್ತದೆ, ಆಗ ಒಳಹೊಕ್ಕ ವೈರಸ್‌ಗೆ ಅನುಕೂಲವಾಗುತ್ತದೆ ಎನ್ನುವ ಅಧ್ಯಯನಗಳು ಇವೆ. ಆದ್ದರಿಂದ ಅಜ್ಜಿಯ ಮಾತು ಬುಡವಿಲ್ಲದ್ದೇನಲ್ಲ. ಆದರೆ ಕರಾವಳಿಯ ಗಾಳಿ ಅಷ್ಟೊಂದು ತಣ್ಣಗೂ ಇಲ್ಲ, ಅಷ್ಟೊಂದು ಒಣಗಿಯೂ ಇಲ್ಲ.

ಹಾಗಾದರೆ ಪ್ರವಾಸದಿಂದ ಬಂದ ಮೇಲೆ ಮಕ್ಕಳು ಸೀನುವುದೇಕೆ? ರೈನೋವೈರಸ್ ಒಳಹೊಕ್ಕ ಒಂದರಿಂದ ಮೂರು ದಿನಗಳಲ್ಲಿ ನೆಗಡಿ ಕಾಣಿಸಿಕೊಳ್ಳುತ್ತದೆ. ಶುಕ್ರವಾರ ರಾತ್ರಿ ಕಿಟಕಿ ಮುಚ್ಚಿದ ಬಸ್ಸಿನಲ್ಲೋ ರೈಲಿನಲ್ಲೋ ಹತ್ತಾರು ಜನರ ಜೊತೆ ಎಂಟು-ಹತ್ತು ಗಂಟೆ ಉಸಿರಾಡಿರುತ್ತೇವೆ. ಭಾನುವಾರ ಮೂಗು ಸೋರುತ್ತದೆ. ನಡುವೆ ಶನಿವಾರ ಕಡಲು ಕಂಡಿದ್ದರಿಂದ ತಪ್ಪು ಕಡಲಿನ ತಲೆಗೆ ಬರುತ್ತದೆ. ತೆರೆದ ಕಡಲತೀರಕ್ಕಿಂತ ಮುಚ್ಚಿದ ಕೋಣೆಯಲ್ಲೇ ವೈರಸ್ ಹೆಚ್ಚು ಸುಲಭವಾಗಿ ಹರಡುತ್ತದೆ. ಊಟಕ್ಕೆ ಮೊದಲು ಸೋಪು ಹಾಕಿ ಕೈ ತೊಳೆಸುವುದು ಕಿವಿಗೆ ಹತ್ತಿ ಇಡುವುದಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಒಂದು ಎಚ್ಚರಿಕೆ. ಆಸ್ತಮಾ ಇರುವ ಮಕ್ಕಳಿಗೆ ತಣ್ಣನೆಯ ಗಾಳಿ, ಧೂಳು, ಓಡಾಟ ಮೂರೂ ಉಬ್ಬಸ ತರಿಸಬಹುದು. ಇನ್‌ಹೇಲರ್ ಹೋಟೆಲ್ ರೂಮಿನಲ್ಲಿ ಇರಬಾರದು, ನಿಮ್ಮ ಕೈಚೀಲದಲ್ಲಿರಬೇಕು.

ಹಾಗಾದರೆ ಮಕ್ಕಳು ನಡುಗುವುದೇಕೆ?

ನೀರು ಬೆಚ್ಚಗಿದ್ದರೂ ಹೊರಗೆ ಬಂದ ಕೂಡಲೇ ಹಲ್ಲು ಕಟಕಟ ಎನ್ನುತ್ತದಲ್ಲ, ಅದು ಸುಳ್ಳಲ್ಲ. ಮೈಮೇಲಿನ ಒಂದು ಗ್ರಾಂ ನೀರು ಆವಿಯಾಗಲು ಸುಮಾರು 580 ಕ್ಯಾಲೊರಿ ಶಾಖ ಬೇಕು. ಅದರ ದೊಡ್ಡ ಪಾಲು ಚರ್ಮದಿಂದಲೇ ಹೋಗುತ್ತದೆ. ಗಾಳಿ ಬೀಸಿದಷ್ಟೂ ನೀರು ಬೇಗ ಆವಿಯಾಗುತ್ತದೆ, ಮೈ ಬೇಗ ತಣ್ಣಗಾಗುತ್ತದೆ. ಮಣ್ಣಿನ ಹೂಜಿಯ ನೀರು ತಂಪಾಗುವುದೂ ಹೀಗೆಯೇ.

ಇದರ ಪರಿಣಾಮ ದೊಡ್ಡವರಿಗಿಂತ ಮಕ್ಕಳ ಮೇಲೆ ಹೆಚ್ಚು. ತೂಕಕ್ಕೆ ಹೋಲಿಸಿದರೆ ಅವರ ಚರ್ಮದ ವಿಸ್ತೀರ್ಣ ದೊಡ್ಡದು. ಹಾಗಾಗಿ ನಮಗೆ ಹಾಯೆನಿಸುವ ಗಾಳಿಗೆ ಮೂರು ವರ್ಷದ ಮಗು ನಡುಗುತ್ತಿರುತ್ತದೆ. ಆಟದ ಗುಂಗಿನಲ್ಲಿ ಅದು ಹೇಳುವುದೂ ಇಲ್ಲ. ನಡುಕ ನಿಲ್ಲದಿದ್ದರೆ, ತುಟಿ ನೀಲಿಗಟ್ಟಿದರೆ ಆಟ ಅಲ್ಲಿಗೇ ನಿಲ್ಲಿಸಿ. ಒದ್ದೆ ಬಟ್ಟೆ ಬಿಚ್ಚಿ, ಟವೆಲ್‌ನಿಂದ ಒರೆಸಿ, ಒಣ ಬಟ್ಟೆ ಹಾಕಿ, ಬಿಸಿಯಾಗಿ ಏನಾದರೂ ಕುಡಿಸಿ.

ಅಂದರೆ ಚೀಲಕ್ಕೆ ತುಂಬಬೇಕಾದ್ದು ಎರಡು ಸ್ವೆಟರ್ ಅಲ್ಲ. ಒಂದು ಟವೆಲ್, ಎರಡು ಜೊತೆ ಒಣ ಬಟ್ಟೆ, ಒಂದು ಫ್ಲಾಸ್ಕ್ ಬಿಸಿ ಹಾಲು ಅಥವಾ ಸಾರು. ಸ್ವೆಟರ್ ಬೇಕಾಗುವುದು ಘಟ್ಟದ ರಸ್ತೆಗೆ.

ಚಳಿಗಾಲದ ಬಿಸಿಲು ಸುಡುವುದಿಲ್ಲವೇ?

ಸುಡುತ್ತದೆ. ಚರ್ಮ ಸುಡುವುದು ಅತಿನೇರಳೆ ಕಿರಣಗಳಿಂದ, ಶಾಖದಿಂದಲ್ಲ. ನಮ್ಮ ಕರಾವಳಿ ಭೂಮಧ್ಯರೇಖೆಗೆ ಹತ್ತಿರವಿರುವುದರಿಂದ ಡಿಸೆಂಬರ್ ಮಧ್ಯಾಹ್ನವೂ ಈ ಕಿರಣಗಳು ಜೋರಾಗಿರುತ್ತವೆ. ತಂಪು ಗಾಳಿ ಬೀಸುತ್ತಿರುವುದರಿಂದ ನಮಗೆ ಗೊತ್ತಾಗುವುದಿಲ್ಲ, ಅಷ್ಟೇ. ಮೇಲಿನಿಂದ ಬರುವುದು ಸಾಲದು ಎಂಬಂತೆ ಒಣ ಮರಳು ಸುಮಾರು 15 ಶೇಕಡಾ, ಅಲೆಯ ನೊರೆ ಸುಮಾರು 25 ಶೇಕಡಾ ಅತಿನೇರಳೆ ಕಿರಣಗಳನ್ನು ಪ್ರತಿಫಲಿಸುತ್ತವೆ. ಹಾಗಾಗಿ ಛತ್ರಿಯ ಕೆಳಗೆ ಕೂತರೂ ಪೂರ್ತಿ ರಕ್ಷಣೆ ಇಲ್ಲ.

ಮಕ್ಕಳಿಗೆ ನೆರಳಿನ ಆಟ ಹೇಳಿಕೊಡಿ. ನಿನ್ನ ನೆರಳು ನಿನಗಿಂತ ಉದ್ದವಿದೆಯೇ? ಆಡಬಹುದು. ಗಿಡ್ಡವಾಯಿತೇ? ತೆಂಗಿನ ಮರದ ಕೆಳಗೆ ಓಡು. ಗಡಿಯಾರ ನೋಡಲು ಬಾರದ ಮಗುವೂ ಈ ನಿಯಮ ಪಾಲಿಸುತ್ತದೆ. ಜೊತೆಗೆ ಟೋಪಿ, ತುಂಬುತೋಳಿನ ತೆಳು ಹತ್ತಿ ಬಟ್ಟೆ, ಎಸ್‌ಪಿಎಫ್ 30 ಅಥವಾ ಹೆಚ್ಚಿನ ಸನ್‌ಸ್ಕ್ರೀನ್ ಇರಲಿ. ಎರಡು ಗಂಟೆಗೊಮ್ಮೆ, ನೀರಿನಿಂದ ಬಂದ ಮೇಲೆ ಮತ್ತೊಮ್ಮೆ ಹಚ್ಚಬೇಕು. ಆರು ತಿಂಗಳಿಗಿಂತ ಚಿಕ್ಕ ಕೂಸಿಗೆ ನೆರಳೇ ಔಷಧಿ. ಕ್ರೀಮು ಬೇಡ.

ಹುಣ್ಣಿಮೆಯ ದಿನ ಮಾತ್ರ ಕಡಲು ಉಕ್ಕುತ್ತದೆಯೇ?

ಹುಣ್ಣಿಮೆಗೆ ಉಬ್ಬರ ಜೋರು ಎನ್ನುವುದು ನಿಜ. ಆದರೆ ಅಮಾವಾಸ್ಯೆಗೂ ಅಷ್ಟೇ ಜೋರು. ಎರಡೂ ದಿನ ಸೂರ್ಯ, ಭೂಮಿ, ಚಂದ್ರ ಹೆಚ್ಚುಕಡಿಮೆ ಒಂದೇ ಸಾಲಿನಲ್ಲಿರುತ್ತವೆ, ಸೂರ್ಯ-ಚಂದ್ರರ ಸೆಳೆತ ಒಟ್ಟು ಸೇರುತ್ತದೆ. ಅಷ್ಟಮಿಯ ಆಸುಪಾಸಿನಲ್ಲಿ ಉಬ್ಬರ ಸೌಮ್ಯವಾಗಿರುತ್ತದೆ. ಅಡುಗೆಮನೆಯ ಕ್ಯಾಲೆಂಡರ್‌ನಲ್ಲಿ ತಿಥಿ ನೋಡಿ ಹೊರಡುವುದಕ್ಕೆ ಹೀಗೊಂದು ವೈಜ್ಞಾನಿಕ ಕಾರಣವೂ ಇದೆ!

ಆದರೆ ಉಬ್ಬರ-ಇಳಿತ ಇಲ್ಲದ ದಿನವೇ ಇಲ್ಲ. ನಮ್ಮ ತೀರದಲ್ಲಿ ದಿನಕ್ಕೆ ಎರಡು ಬಾರಿ ನೀರು ಏರುತ್ತದೆ, ಎರಡು ಬಾರಿ ಇಳಿಯುತ್ತದೆ. ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ಇಂದಿನ ಸಮಯ ನಾಳೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಬೆಳಿಗ್ಗೆ ಚಪ್ಪಲಿ ಬಿಟ್ಟ ಜಾಗ ಮಧ್ಯಾಹ್ನ ನೀರಿನೊಳಗಿದ್ದರೆ ಆಶ್ಚರ್ಯಪಡಬೇಕಿಲ್ಲ. ಬಂಡೆಯ ಮೇಲೆ ಕೂತು ಫೋಟೋ ತೆಗೆಸಿಕೊಳ್ಳುವವರು ಇದನ್ನು ಮರೆತಾಗಲೇ ಹಿಂದಿರುಗುವ ದಾರಿ ಮುಚ್ಚಿಹೋಗುತ್ತದೆ.

ಆಟ: ಅಲೆ ಮುಟ್ಟುವ ಕೊನೆಯ ಗೆರೆಯಲ್ಲಿ ಒಂದು ಕಡ್ಡಿ ನೆಡಿ. ಅರ್ಧ ಗಂಟೆಗೊಮ್ಮೆ ಹೊಸ ಗೆರೆಗೆ ಹೊಸ ಕಡ್ಡಿ. ನಾಲ್ಕು ಕಡ್ಡಿ ನೆಡುವಷ್ಟರಲ್ಲಿ ನೀರು ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ಮಕ್ಕಳೇ ಹೇಳುತ್ತಾರೆ.

ಮರಳಿನಲ್ಲಿ ಇನ್ನೇನು ಆಡಬಹುದು?

ಮರಳಿನ ಮನೆ: ಒಣ ಮರಳು ನಿಲ್ಲುವುದಿಲ್ಲ, ನೀರು ಹೆಚ್ಚಾದರೂ ನಿಲ್ಲುವುದಿಲ್ಲ. ಕಣಗಳ ನಡುವೆ ಸಣ್ಣ ಸಣ್ಣ ನೀರಿನ ಸೇತುವೆಗಳಿದ್ದಾಗ ಮೇಲ್ಮೈ ಸೆಳೆತ ಅವುಗಳನ್ನು ಹಿಡಿದಿಡುತ್ತದೆ. ಎಂಟು ಲೋಟ ಮರಳಿಗೆ ಒಂದು ಲೋಟ ನೀರು ಹಾಕಿ ಶುರುಮಾಡಿ, ಆಮೇಲೆ ಬದಲಿಸಿ ನೋಡಿ. ಯಾರ ಗೋಪುರ ಎತ್ತರ ನಿಲ್ಲುತ್ತದೆ ಎಂಬ ಪಂದ್ಯಕ್ಕೆ ದೊಡ್ಡವರೂ ಸೇರಿಕೊಳ್ಳುತ್ತಾರೆ. ಗುಂಡಿ ಮಾತ್ರ ಮಗುವಿನ ಮೊಣಕಾಲಿಗಿಂತ ಆಳ ಬೇಡ. ಮರಳಿನ ಗೋಡೆ ಹೇಳದೆ ಕುಸಿಯುತ್ತದೆ, ಒಳಗೆ ಸಿಕ್ಕಿದವರು ಉಸಿರುಗಟ್ಟಿ ಸಾಯಬಹುದು.

ಅಯಸ್ಕಾಂತ: ಫ್ರಿಜ್ ಮೇಲಿನ ಅಯಸ್ಕಾಂತವೊಂದನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಒಣ ಮರಳಿನಲ್ಲಿ ಆಡಿಸಿ. ಕಪ್ಪು ಗೆರೆಗಳಿರುವ ಕಡೆ ಮ್ಯಾಗ್ನಟೈಟ್ ಎಂಬ ಕಬ್ಬಿಣದ ಖನಿಜದ ಪುಡಿ ಅಂಟಿಕೊಳ್ಳುತ್ತದೆ. ಹೊಳೆಯುವ ಬಿಳಿ ಕಣಗಳು ಹೆಚ್ಚಾಗಿ ಕ್ವಾರ್ಟ್ಜ್. ಬ್ಯೂಗಲ್ ರಾಕ್ ಮೇಲೆ ಹತ್ತಿ ಆಡಿದ ಮಕ್ಕಳಿಗೆ ಇದು ಹೊಸದಲ್ಲ. ಆ ಬಂಡೆಯಲ್ಲೂ ಲಾಲ್‌ಬಾಗ್ ಬಂಡೆಯಲ್ಲೂ ಕಾಣುವ ಬಿಳಿ ಪಟ್ಟಿಗಳಲ್ಲಿ ಕ್ವಾರ್ಟ್ಜ್ ಇದೆ, ಅವುಗಳ ವಯಸ್ಸು ಸುಮಾರು 300 ಕೋಟಿ ವರ್ಷ. ಇಂಥದೇ ಬಂಡೆಗಳು ಮಳೆ-ಬಿಸಿಲಿಗೆ ಸವೆದು, ಹೊಳೆಗಳಲ್ಲಿ ಹರಿದು ಕಡಲು ಸೇರಿ ಮರಳಾಗುತ್ತವೆ.

ಮರಳಿನ ಗುಂಡುಗಳು: ನೀರು ಇಳಿದ ಒದ್ದೆ ಮರಳಿನ ಮೇಲೆ ಸಾಸಿವೆ-ಮೆಣಸಿನ ಗಾತ್ರದ ಸಾವಿರಾರು ಗುಂಡುಗಳು ರಂಗೋಲಿ ಹಾಕಿದಂತೆ ಕಂಡರೆ ಅದು ಪುಟ್ಟ ಏಡಿಗಳ ಊಟದ ಗುರುತು. ಮರಳನ್ನು ಬಾಯಿಗೆ ಹಾಕಿಕೊಂಡು, ಅದರಲ್ಲಿನ ಆಹಾರ ಸೋಸಿ, ಉಳಿದದ್ದನ್ನು ಉಂಡೆ ಕಟ್ಟಿ ಹಿಂದಕ್ಕೆ ಎಸೆಯುತ್ತವೆ. ಎರಡು ನಿಮಿಷ ಅಲ್ಲಾಡದೆ ಕೂತರೆ ಹೊರಗೆ ಬರುತ್ತವೆ. ಮಕ್ಕಳನ್ನು ಸುಮ್ಮನೆ ಕೂರಿಸಲು ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ.

ಶಂಖದೊಳಗಿನ ಕಡಲು: ಶಂಖ ಕಿವಿಗಿಟ್ಟರೆ ಕೇಳುವುದು ಕಡಲಿನ ಸದ್ದಲ್ಲ, ನಮ್ಮ ಸುತ್ತಲಿನದೇ ಸದ್ದು. ಟೊಳ್ಳಿನೊಳಗೆ ಕೆಲವು ಸ್ವರಗಳು ಮಾತ್ರ ಅನುರಣಿಸಿ ಹೀಗೆ ಕೇಳುತ್ತವೆ. ಖಾಲಿ ಲೋಟ ಕಿವಿಗಿಟ್ಟು ನೋಡಲಿ, ಅಲ್ಲೂ ಕಡಲಿದೆ! ಚಿಪ್ಪು ಆರಿಸುವಾಗ ಒಳಗೆ ಜೀವವಿದ್ದರೆ ಅಲ್ಲೇ ಬಿಡಿ. ಐಸ್‌ಕ್ರೀಮ್ ಕೋನ್ ಆಕಾರದ ಚಿಪ್ಪನ್ನು ಮುಟ್ಟಲೇಬೇಡಿ. ಒಳಗಿನ ಹುಳು ಬದುಕಿದ್ದರೆ ವಿಷದ ಮುಳ್ಳಿನಿಂದ ಚುಚ್ಚಬಲ್ಲದು.

ಮಲ್ಪೆಗೆ ಹೋದವರು ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೂ ಹೋಗುತ್ತೀರಿ. ಅಲ್ಲಿನ ಕಂಬಗಳಂಥ ಬಂಡೆಗಳಿಗೆ ಎಷ್ಟು ಮುಖ ಎಂದು ಮಕ್ಕಳಿಂದ ಎಣಿಸಿ. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಭಾರತ ಮತ್ತು ಮಡಗಾಸ್ಕರ್ ಬೇರೆಯಾಗುವ ಕಾಲದಲ್ಲಿ ಉಕ್ಕಿದ ಲಾವಾ ಆರುತ್ತಾ ಕುಗ್ಗಿ ಹೀಗೆ ಸೀಳಿತು. ಕೆರೆಯ ಕೆಸರು ಒಣಗಿ ಬಿರಿಯುವುದನ್ನು ನೋಡಿದ್ದರೆ ಅರ್ಥವಾಗುತ್ತದೆ. ಅಂಚಿನ ಪಾಚಿ ಕಟ್ಟಿದ ಬಂಡೆಗಳಿಂದ ಮಾತ್ರ ದೂರವಿರಿ.

ಇನ್ನೊಂದು ಮಾತು. ಚಳಿಗಾಲ ಆಲಿವ್ ರಿಡ್ಲೆ ಕಡಲಾಮೆಗಳು ನಮ್ಮ ತೀರಕ್ಕೆ ಮೊಟ್ಟೆಯಿಡಲು ಬರುವ ಕಾಲ. ತೋಡಿದ ಗುಂಡಿ ಮುಚ್ಚಿ ಬನ್ನಿ, ರಾತ್ರಿ ತೀರದಲ್ಲಿ ಟಾರ್ಚ್ ಬೀಸಬೇಡಿ. ಗುಂಡಿಗೆ ಬಿದ್ದ ಆಮೆಮರಿ ಮೇಲೆ ಬರಲಾರದು. ಬೆಳಕು ಕಂಡರೆ ದಾರಿ ತಪ್ಪುತ್ತದೆ.

ಚಳಿಗಾಲದ ಕಡಲು ಶಾಂತ, ಹಾಗಾಗಿ ಅಪಾಯವಿಲ್ಲ ಎನ್ನುವುದು ನಿಜವೇ?

ಯಾರೂ ಫಾರ್ವರ್ಡ್ ಮಾಡದ ಸಂಗತಿ ಇದು. ಮಳೆಗಾಲದಲ್ಲಿ ಕಡಲಿನ ಆರ್ಭಟ ಕಂಡೇ ಜನ ಹಿಂದೆ ಸರಿಯುತ್ತಾರೆ. ಡಿಸೆಂಬರ್‌ನಲ್ಲಿ ಅಲೆ ಸಣ್ಣದು, ನೀರು ಬೆಚ್ಚಗೆ, ರಜೆ ಬೇರೆ. ಧೈರ್ಯ ಜಾಸ್ತಿಯಾಗುತ್ತದೆ. 2024ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಕಡಲಿನಲ್ಲಿ ಮುಳುಗಿ ಪ್ರಾಣ ಕಳೆದುಕೊಂಡರು. ಅದು ಮಳೆಗಾಲವಲ್ಲ, ಚಂಡಮಾರುತವೂ ಅಲ್ಲ. ಬಯಲುಸೀಮೆಯಿಂದ ಬಂದ ನಮಗೆಲ್ಲ ಕಡಲು ಅಷ್ಟಾಗಿ ಪರಿಚಯವಿಲ್ಲ. ಈಜುಕೊಳದಲ್ಲಿ ಕಲಿತ ಈಜು ಅಲ್ಲಿ ಸಾಲದು.

ಇಂಥ ಕಡಲಿನಲ್ಲಿ ಮೊದಲು ತಿಳಿದಿರಬೇಕಾದ್ದು ಸೆಳೆತದ ಬಗ್ಗೆ. ಅಲೆಗಳು ತಂದು ಸುರಿದ ನೀರು ವಾಪಸ್ ಹೋಗಲೇಬೇಕು. ಕೆಲವೊಮ್ಮೆ ಅದು ಒಂದು ಕಿರಿದಾದ ಕಾಲುವೆಯಂತೆ ಒಂದೇ ಕಡೆ ವೇಗವಾಗಿ ಹೊರಗೆ ಹರಿಯುತ್ತದೆ. ಆ ಜಾಗದಲ್ಲಿ ಅಲೆ ಕಡಿಮೆ ಒಡೆಯುತ್ತದೆ, ನೀರು ನಯವಾಗಿ ಕಾಣುತ್ತದೆ. "ಇಲ್ಲಿ ಅಲೆ ಇಲ್ಲ, ಇಲ್ಲೇ ಇಳಿಯೋಣ" ಎಂದು ನಾವು ಆರಿಸುವುದು ಅದೇ ಜಾಗವನ್ನು! ಜೋರಾದ ಸೆಳೆತಕ್ಕೆ ಸೆಕೆಂಡಿಗೆ ಎರಡು ಮೀಟರ್ ವೇಗವಿರಬಹುದು. ಅದಕ್ಕೆ ಎದುರಾಗಿ ಈಜಿ ಗೆದ್ದವರಿಲ್ಲ.

ಸೆಳೆತ ಕೆಳಗೆ ಎಳೆಯುವುದಿಲ್ಲ, ಹೊರಗೆ ಎಳೆಯುತ್ತದೆ. ಎದುರಾಗಿ ಈಜಿ ಸುಸ್ತಾದಾಗಲೇ ಮುಳುಗುವುದು. ಸಿಕ್ಕಿಕೊಂಡರೆ ಮೊದಲು ಅಂಗಾತ ತೇಲಿ, ಉಸಿರು ಹಿಡಿತಕ್ಕೆ ತನ್ನಿ, ಕೈ ಎತ್ತಿ ಕೂಗಿ. ಶಕ್ತಿ ಇದ್ದರೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದು, ಅಲೆ ಒಡೆಯುತ್ತಿರುವ ಕಡೆಯಿಂದ ದಡದತ್ತ ಬನ್ನಿ. ಬೇರೆಯವರು ಸಿಕ್ಕಿಕೊಂಡಿದ್ದರೆ ಹಿಂದೆಮುಂದೆ ನೋಡದೆ ನೀವು ಹಾರಬೇಡಿ. ತೇಲುವ ಏನನ್ನಾದರೂ ಎಸೆಯಿರಿ, ಖಾಲಿ ನೀರಿನ ಕ್ಯಾನ್ ಕೂಡ ಆದೀತು. ಜೀವರಕ್ಷಕರನ್ನು ಕೂಗಿ, 112ಕ್ಕೆ ಕರೆ ಮಾಡಿ.

ಬೆಳಿಗ್ಗೆ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ ಎಂದೆವಲ್ಲ, ಅದಕ್ಕೂ ಇದಕ್ಕೂ ಸಂಬಂಧವಿದೆ. ಮಗುವಿನ ಚೆಂಡು, ಗಾಳಿ ತುಂಬಿದ ಟ್ಯೂಬ್ ನೀರಿಗೆ ಬಿದ್ದರೆ ಗಾಳಿ ಅದನ್ನು ಒಳಕ್ಕೇ ತಳ್ಳಿಕೊಂಡು ಹೋಗುತ್ತದೆ. ಹಿಂದೆ ಓಡಿದ ಮಗುವಿಗೆ ನೀರು ಎದೆಮಟ್ಟ ಬಂದದ್ದೇ ತಿಳಿಯುವುದಿಲ್ಲ. "ಚೆಂಡು ಹೋದರೆ ಹೋಗಲಿ, ಹೊಸದು ಕೊಡಿಸ್ತೀನಿ" ಎಂದು ಹೊರಡುವ ಮೊದಲೇ ಹೇಳಿಡಿ. ಟ್ಯೂಬ್ ಆಟಿಕೆ ಮಾತ್ರ, ಲೈಫ್ ಜಾಕೆಟ್ ಅಲ್ಲ.

ಮುಳುಗುವವರು ಸಿನಿಮಾದಂತೆ ಕಿರುಚುವುದಿಲ್ಲ. ಬಾಯಿ ನೀರಿನ ಮಟ್ಟದಲ್ಲಿದ್ದಾಗ ಉಸಿರಿಗೇ ಸಮಯವಿರುವುದಿಲ್ಲ, ಕೂಗುವುದೆಲ್ಲಿ? ಆದ್ದರಿಂದ ಚಿಕ್ಕ ಮಕ್ಕಳು ನೀರಿನ ಬಳಿ ಇದ್ದಷ್ಟು ಹೊತ್ತು ಒಬ್ಬ ದೊಡ್ಡವರು ಕೈಗೆಟುಕುವ ದೂರದಲ್ಲೇ ಇರಬೇಕು. ನೀರು ಮಗುವಿನ ಮೊಣಕಾಲು ದಾಟಬಾರದು. ಹತ್ತು ಜನ ದೊಡ್ಡವರಿರುವ ಕುಟುಂಬದಲ್ಲಿ "ಯಾರೋ ನೋಡ್ತಿರ್ತಾರೆ" ಎಂದು ಹತ್ತೂ ಜನ ಅಂದುಕೊಳ್ಳುತ್ತಾರೆ. ಹಾಗಾಗಿ ಸರದಿ ಹಾಕಿ. ಇಪ್ಪತ್ತು ನಿಮಿಷ ಮಾವ, ಇಪ್ಪತ್ತು ನಿಮಿಷ ಚಿಕ್ಕಮ್ಮ. ಸರದಿಯಲ್ಲಿದ್ದವರ ಕೈಯಲ್ಲಿ ಫೋನ್ ಇರಬಾರದು.

ಮುಳುಗಿದವರನ್ನು ಉಪ್ಪಿನಲ್ಲಿ ಮಲಗಿಸಿದರೆ ಬದುಕುತ್ತಾರೆಯೇ?

ಇಲ್ಲ. ಇದು ಶುದ್ಧ ಸುಳ್ಳು.

ಮುಳುಗಿದವರ ದೇಹವನ್ನು ಕ್ವಿಂಟಲ್‌ಗಟ್ಟಲೆ ಉಪ್ಪಿನಲ್ಲಿ ಕೆಲವು ಗಂಟೆ ಇಟ್ಟರೆ ಉಪ್ಪು ನೀರೆಳೆದು ಜೀವ ಬರುತ್ತದೆ ಎಂಬ ಸಂದೇಶ ಕನ್ನಡದಲ್ಲಿ ವರ್ಷಗಳಿಂದ ಓಡಾಡುತ್ತಿದೆ. 2022ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನೀರಿನಲ್ಲಿ ಮುಳುಗಿದ ಬಾಲಕನೊಬ್ಬನ ದೇಹವನ್ನು ಮನೆಯವರು ಇದನ್ನೇ ನಂಬಿ ಗಂಟೆಗಟ್ಟಲೆ ಉಪ್ಪಿನಲ್ಲಿ ಇಟ್ಟು ಕಾದರು. 2023ರಲ್ಲಿ ಹಾವೇರಿ ಜಿಲ್ಲೆಯಲ್ಲೂ ಹೀಗೇ ಆಯಿತು. ಯಾವ ಮಗುವೂ ಎದ್ದು ಬರಲಿಲ್ಲ. ಆ ತಂದೆತಾಯಿಗಳನ್ನು ನೋಡಿ ನಗುವಂತಿಲ್ಲ. ಮಗು ಕಣ್ಣೆದುರು ಮಲಗಿರುವಾಗ ಯಾರು ಏನು ಹೇಳಿದರೂ ಮಾಡುತ್ತೇವೆ. ತಪ್ಪು ಆ ಸಂದೇಶವನ್ನು ಯೋಚಿಸದೆ ಮುಂದೆ ಕಳಿಸಿದ ನಮ್ಮೆಲ್ಲರದು.

ಮುಳುಗಿದವರು ಸಾಯುವುದು ದೇಹದಲ್ಲಿ ನೀರು ತುಂಬಿದ್ದರಿಂದಲ್ಲ, ಮೆದುಳಿಗೆ ಆಮ್ಲಜನಕ ಸಿಗದೆ. ನಾಲ್ಕರಿಂದ ಆರು ನಿಮಿಷಗಳಲ್ಲಿ ಮೆದುಳಿಗೆ ಹಾನಿ ಶುರುವಾಗುತ್ತದೆ. ಚರ್ಮದ ಹೊರಗಿನ ಉಪ್ಪು ಶ್ವಾಸಕೋಶದ ನೀರನ್ನು ಎಳೆಯಲಾರದು. ಉಪ್ಪು ತರಲು ಹೋದ ಸಮಯದಲ್ಲೇ ಬದುಕುವ ಅವಕಾಶ ಕೈಜಾರಿ ಹೋಗುತ್ತದೆ. ಹೊಟ್ಟೆ ಒತ್ತಿ ನೀರು ತೆಗೆಯುವುದು, ತಲೆಕೆಳಗಾಗಿ ಹಿಡಿಯುವುದು, ಹೆಗಲ ಮೇಲೆ ಹಾಕಿ ತಿರುಗಿಸುವುದೂ ಅಷ್ಟೇ. ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸನಾಳ ಸೇರುವ ಅಪಾಯ ಬೇರೆ.

ಮಾಡಬೇಕಾದ್ದು ಇದು. ಅಂಗಾತ ಮಲಗಿಸಿ. ಉಸಿರು ಇದೆಯೇ ನೋಡಿ. ಇಲ್ಲದಿದ್ದರೆ ಒಬ್ಬರು 112 ಅಥವಾ 108ಕ್ಕೆ ಕರೆ ಮಾಡಲಿ, ಇನ್ನೊಬ್ಬರು ತಲೆ ಸ್ವಲ್ಪ ಹಿಂದಕ್ಕೆ ಬಾಗಿಸಿ, ಗದ್ದ ಎತ್ತಿ, ಮೂಗು ಮುಚ್ಚಿ ಬಾಯಿಂದ ಬಾಯಿಗೆ ಉಸಿರು ಕೊಡಲಿ. ಮುಳುಗಿದವರಿಗೆ ಮೊದಲು ಬೇಕಾದ್ದು ಉಸಿರು. ಆಮೇಲೆ ಎದೆಯ ಮಧ್ಯಭಾಗವನ್ನು ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ 30 ಸಲ ಒತ್ತಬೇಕು, ಮತ್ತೆ 2 ಉಸಿರು. ಸಹಾಯ ಬರುವವರೆಗೂ ನಿಲ್ಲಿಸಬಾರದು. ಎಚ್ಚರವಾದರೂ ಆಸ್ಪತ್ರೆಗೆ ಹೋಗಲೇಬೇಕು. ಓದಿ ಕಲಿಯುವುದಕ್ಕಿಂತ ಒಂದು ದಿನ ತರಬೇತಿ ಪಡೆದು ಕಲಿಯುವುದು ಒಳ್ಳೆಯದು. ಪ್ರವಾಸಕ್ಕೆ ಹೋಗುವ ಪ್ರತಿ ಮನೆಯಲ್ಲೂ ಒಬ್ಬರಿಗಾದರೂ ಇದು ಗೊತ್ತಿರಲಿ.

ಇನ್ನಷ್ಟು ಸಣ್ಣ ಫಾರ್ವರ್ಡ್‌ಗಳು

"ಊಟ ಮಾಡಿ ಒಂದು ಗಂಟೆ ನೀರಿಗಿಳಿಯಬಾರದು": ಊಟದಿಂದಲೇ ಜನ ಮುಳುಗುತ್ತಾರೆ ಎನ್ನಲು ಪುರಾವೆಯಿಲ್ಲ. ಹೊಟ್ಟೆ ಭಾರವಿದ್ದರೆ ಓಡಾಟ ಕಷ್ಟ, ಅಷ್ಟೇ. ಆದರೆ ಮದ್ಯ ಕುಡಿದು ನೀರಿಗಿಳಿಯುವುದು, ಮಕ್ಕಳನ್ನು ನೋಡಿಕೊಳ್ಳುವುದು ಎರಡೂ ನಿಜವಾಗಿ ಅಪಾಯ.

"ಸಮುದ್ರದ ನೀರು ತಾಗಿದರೆ ಗಾಯ ಮಾಯುತ್ತದೆ": ಕಡಲಿನ ನೀರಿನಲ್ಲಿ ಉಪ್ಪಿನ ಜೊತೆ ಬ್ಯಾಕ್ಟೀರಿಯಾಗಳೂ ಇವೆ. ಗಾಯವಿದ್ದ ಮಗುವನ್ನು ನೀರಿಗೆ ಬಿಡಬೇಡಿ. ಆಡುವಾಗ ಗೀರಿದರೆ ಕುಡಿಯುವ ನೀರು ಮತ್ತು ಸೋಪಿನಿಂದ ತೊಳೆಯಿರಿ.

"ಜೆಲ್ಲಿ ಮೀನು ಕಚ್ಚಿದರೆ ಮೂತ್ರ ಹಾಕಿ": ಬೇಡ. ಚರ್ಮಕ್ಕಂಟಿದ ವಿಷದ ಕೋಶಗಳು ಅದರಿಂದ ಇನ್ನಷ್ಟು ಸಿಡಿಯಬಹುದು. ಸಿಹಿನೀರೂ ಬೇಡ, ಉಜ್ಜುವುದೂ ಬೇಡ. ಸಮುದ್ರದ ನೀರಿನಿಂದಲೇ ತೊಳೆದು, ಅಂಟಿದ ಎಳೆಗಳನ್ನು ಚಿಮಟದಿಂದ ತೆಗೆದು, ತಡೆಯುವಷ್ಟು ಬಿಸಿನೀರಿನಲ್ಲಿ 20 ನಿಮಿಷ ಇಟ್ಟರೆ ನೋವು ಕಡಿಮೆಯಾಗುತ್ತದೆ. ಉಸಿರಾಟದ ತೊಂದರೆ ಕಂಡರೆ ತಕ್ಷಣ ಆಸ್ಪತ್ರೆ. ದಡದಲ್ಲಿ ಸತ್ತು ಬಿದ್ದ ಜೆಲ್ಲಿ ಮೀನೂ ಚುಚ್ಚಬಲ್ಲದು.

"ರಾತ್ರಿ ಹೊಳೆಯುವ ಅಲೆ ಕೆಮಿಕಲ್‌ನಿಂದ, ಇಲ್ಲವೇ ದೈವದಿಂದ": ಚಳಿಗಾಲದಲ್ಲಿ ಕೆಲವೊಮ್ಮೆ ಅಲೆ ಒಡೆಯುವಲ್ಲಿ ನೀಲಿ ಬೆಳಕು ಕಾಣುತ್ತದೆ. ಅದು ನಾಕ್ಟಿಲೂಕಾ ಎಂಬ ಸೂಕ್ಷ್ಮಜೀವಿಯ ಕೆಲಸ. ನೀರು ಕಲಕಿದಾಗ ಅದರೊಳಗಿನ ರಾಸಾಯನಿಕ ಕ್ರಿಯೆಯಿಂದ ಬೆಳಕು ಹೊಮ್ಮುತ್ತದೆ, ಮಿಂಚುಹುಳುವಿನಂತೆ. ದಡದಲ್ಲಿ ನಿಂತು ನೋಡಿ ಸಂತೋಷಪಡಿ.

ಹೊರಡುವ ಮುನ್ನ ಇಷ್ಟು ನೆನಪಿರಲಿ

- ಬೆಳಿಗ್ಗೆ ಹತ್ತರವರೆಗೆ, ಸಂಜೆ ನಾಲ್ಕರ ನಂತರ ಆಟ. ನಡುವೆ ನೆರಳು, ಊಟ, ನಿದ್ದೆ.
- ಜೀವರಕ್ಷಕರಿರುವ ತೀರವನ್ನೇ ಆರಿಸಿ. ಪಡುಬಿದ್ರಿ ಮತ್ತು ಹೊನ್ನಾವರದ ಕಾಸರಕೋಡಿನ ತೀರಗಳಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತ್ತು. ನೀರಿನ ಗುಣಮಟ್ಟ, ಸುರಕ್ಷತೆ ನೋಡಿ ಕೊಡುವ ಮಾನ್ಯತೆ ಅದು.
- ಕೆಂಪು ಬಾವುಟ ಇದ್ದರೆ ಪಾದವೂ ಒದ್ದೆಯಾಗುವುದು ಬೇಡ.
- ತಲುಪಿದ ಕೂಡಲೇ ಸ್ಥಳೀಯ ಮೀನುಗಾರರನ್ನೋ ಅಂಗಡಿಯವರನ್ನೋ "ಇಲ್ಲಿ ಸೆಳೆತ ಎಲ್ಲಿದೆ?" ಎಂದು ಕೇಳಿ. ಅವರಿಗೆ ಗೊತ್ತಿರುವಷ್ಟು ಯಾವ ಆ್ಯಪ್‌ಗೂ ಗೊತ್ತಿಲ್ಲ.
- ಮಗುವಿಗೆ ಕೆಂಪು, ಕಿತ್ತಳೆಯಂಥ ಗಾಢ ಬಣ್ಣದ ಬಟ್ಟೆ ಹಾಕಿ. ನೀಲಿ, ಬಿಳಿ ಬಟ್ಟೆ ನೀರಿನಲ್ಲಿ ಕಾಣುವುದಿಲ್ಲ.
- ಸೂರ್ಯ ಮುಳುಗಿದ ಮೇಲೆ ನೀರಿನಿಂದ ಎಲ್ಲರೂ ಹೊರಗೆ. ಡಿಸೆಂಬರ್‌ನಲ್ಲಿ ಆರು ಗಂಟೆ ದಾಟುತ್ತಲೇ ಕತ್ತಲು ಕವಿಯುತ್ತದೆ.

ಮಲ್ಲೇಶ್ವರ, ಚಾಮರಾಜಪೇಟೆಯ ಗಲ್ಲಿಗಳಲ್ಲಿ ಬೆಳೆಯುವ ಮಕ್ಕಳಿಗೆ ಮರಳೆಂದರೆ ಮನೆ ಕಟ್ಟುವ ಕಡೆ ಲಾರಿ ಸುರಿದ ರಾಶಿ. ವರ್ಷಕ್ಕೊಮ್ಮೆಯಾದರೂ ಅವರ ಕಾಲು ನಿಜವಾದ ಮರಳಿಗೆ ತಾಗಲಿ. ಥಂಡಿಯ ಭಯಕ್ಕೆ ಅದನ್ನು ತಪ್ಪಿಸಬೇಕಿಲ್ಲ. ಅಜ್ಜಿಯನ್ನೂ ಕರೆದುಕೊಂಡು ಹೋಗಿ, ಕಡ್ಡಿ ನೆಡುವ ಆಟಕ್ಕೆ ಅವರೇ ಅಂಪೈರ್ ಆಗಲಿ. ಈ ಲೇಖನವನ್ನು ಯಾರಿಗಾದರೂ ಕಳಿಸುವುದಾದರೆ ಸೆಳೆತದ ಭಾಗವನ್ನು ಮತ್ತು ಉಪ್ಪಿನ ಭಾಗವನ್ನು ಮೊದಲು ಓದಲು ಹೇಳಿ. ಉಪ್ಪಿನ ಫಾರ್ವರ್ಡ್ ನಿಮ್ಮ ಗ್ರೂಪ್‌ಗೆ ಮತ್ತೆ ಬಂದರೆ, ಅದನ್ನು ಅಲ್ಲಿಗೇ ನಿಲ್ಲಿಸಿ.